ಸಹಾಯ ಬೇಕು: ಸೀರೀಸ್‌ನಲ್ಲಿರುವ ಸೇಫ್ಟಿ ಸ್ವಿಚ್‌ಗಳಿಗೆ ಕೇಬಲ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಕಪನೂರಿನಲ್ಲಿ ಒಂದು ತೊಗರಿ ಬೇಳೆ ಮಿಲ್‌ನ ವೈರಿಂಗ್ ಹಿಡಿದಿದ್ದೇನೆ. ರೋಲರ್, ಎಲಿವೇಟರ್‌ಗಳ ಗಾರ್ಡ್ ಬಾಗಿಲಿಗೆ ಆರು ಸೇಫ್ಟಿ ಸ್ವಿಚ್. ಎಲ್ಲವೂ ಸೀರೀಸ್‌ನಲ್ಲಿ, 24 ವೋಲ್ಟ್ ಡಿಸಿ, ಎರಡು ಚಾನಲ್ (ಒಂದು ಕೈಕೊಟ್ಟರೂ ಇನ್ನೊಂದು ಇರಲಿ ಅಂತ ಎರಡು ಬೇರೆ ಸರ್ಕ್ಯೂಟ್). ಯಾವ ಬಾಗಿಲು ತೆರೆದರೂ ಯಂತ್ರ ನಿಲ್ಲಿಸಲು ಪ್ಯಾನೆಲ್‌ನಲ್ಲಿ ಒಂದು ಸೇಫ್ಟಿ ರಿಲೇ.

ಕೊನೆಯ ಸ್ವಿಚ್‌ಗೆ ಟ್ರೇ ಮೇಲೆ 60 ಮೀಟರ್. ಹೋಗಿ ಬರುವುದು ಸೇರಿ 120. 1 ಚದರ ಮಿಮೀ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 19 ಓಮ್, ಅಂದರೆ 2.3 ಓಮ್. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ ಕೆಳಗೆ ಇನ್ನಷ್ಟು ಏರುತ್ತದೆ. ಸಾದಾ ಕಾಂಟ್ಯಾಕ್ಟ್ ಸ್ವಿಚ್ ಆಗಿದ್ದರೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಅವನ್ನು ಸೀರೀಸ್‌ನಲ್ಲಿ ಹಾಕಿದರೆ ಒಂದು ಸ್ವಿಚ್‌ನ ದೋಷ ಇನ್ನೊಂದು ಬಾಗಿಲು ತೆರೆದು ಹಾಕಿದಾಗ ರಿಲೇಗೆ ಗೊತ್ತಾಗದೇ ಹೋಗಬಹುದು, ಅದಕ್ಕೇ ಎಲೆಕ್ಟ್ರಾನಿಕ್ ಸ್ವಿಚ್ ತರಿಸಿದ್ದೇವೆ. ಬೇಳೆ ದೂಳಿಗೂ ಅದೇ ವಾಸಿ, ಅಲ್ವಾ?

ತೊಂದರೆ ಇಲ್ಲೇ. ಇವುಗಳ ಸಪ್ಲೈ ಒಂದರಿಂದ ಇನ್ನೊಂದಕ್ಕೆ ಅದೇ ಕೇಬಲ್‌ನಲ್ಲಿ ಹೋಗುತ್ತದೆ. ಮೊದಲ ತುಂಡಿನಲ್ಲಿ ಆರೂ ಸ್ವಿಚ್‌ಗಳ ಕರೆಂಟ್ ಹರಿಯುತ್ತದೆ, ಕೊನೆಯದಕ್ಕೆ ವೋಲ್ಟೇಜ್ ಕಡಿಮೆ ಸಿಗುತ್ತದೆ. ಮೊದಲ ತುಂಡಿಗೆ ಮಾತ್ರ 1.5 ಚದರ ಮಿಮೀ ಹಾಕಿದರೆ ಸಾಕೇ? ಅಥವಾ ನಡುವೆ ಬೇರೆ ಸಪ್ಲೈ ಕೊಡಬೇಕೇ? ಬಾಗಿಲು ತೆರೆಯುವ ಕಡೆ ಎಷ್ಟು ಕೇಬಲ್ ಜಾಸ್ತಿ ಬಿಡುತ್ತೀರಿ? ಇಂಥದ್ದು ಮಾಡಿದ ಅಣ್ಣಂದಿರು ದಯವಿಟ್ಟು ಹೇಳಿ. ಸುಮ್ನೆ ದಪ್ಪ ಕೇಬಲ್ ಎಳೆದುಬಿಡು ಅಂತ ಮಾತ್ರ ಹೇಳಬೇಡಿ, ಸ್ವಿಚ್‌ನ ಕನೆಕ್ಟರ್‌ಗೆ ಅದು ಹೋಗಲ್ಲ.