ಮಜ್ದಾ ಅಂದ್ರೆ ಲಾರಿ ಕಂಪನಿ ಅಲ್ವಾ? ಹಳೇ ಮಜ್ದಾ 3 ತಗೊಳ್ಳೋ ಮುಂಚೆ ಒಂದು ಪ್ರಶ್ನೆ

ಅರಸೀಕೆರೆ ಹುಡುಗ, ಮೆಲ್ಬರ್ನ್

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನಿಗೆ ಬಂದು ಹದಿನಾಲ್ಕು ತಿಂಗಳಾಯ್ತು. ಇಷ್ಟು ದಿನ ಟ್ರೈನು, ಟ್ರಾಮಿನಲ್ಲೇ ಕಳೆದೆ. ಈಗ ಹೆಂಡತಿಗೆ ಏಳು ತಿಂಗಳು. ಇನ್ನು ಕಾರಿಲ್ಲದೆ ಆಗಲ್ಲ.

ನಮ್ಮ ಬೀದಿಯಲ್ಲೇ ಒಬ್ಬರು ರಿಟೈರ್ಡ್ ಟೀಚರ್ ತಮ್ಮ ಕಾರು ಮಾರ್ತಿದ್ದಾರೆ. 2015ರ ಮಜ್ದಾ 3, 2 ಲೀಟರ್ ಪೆಟ್ರೋಲ್, ಆಟೊಮ್ಯಾಟಿಕ್. 1,12,000 ಕಿ.ಮೀ. ಓಡಿದೆ. ಒಂದು ರೌಂಡ್ ಹೊಡೆದು ನೋಡಿದೆ, ಚೆನ್ನಾಗಿದೆ ಅನ್ನಿಸ್ತು. ಆದರೆ ಕಾರಿನ ವಿಷಯದಲ್ಲಿ ನನ್ನ "ಅನ್ನಿಸಿಕೆ"ಗೆ ಬೆಲೆ ಇಲ್ಲ. ನನಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ.

ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. "ಮಜ್ದಾನಾ? ಲಾರಿ ಯಾಕೋ ನಿಂಗೆ?" ಅಂದರು. ಅವರ ತಪ್ಪಲ್ಲ. ಹದಿನೈದು ವರ್ಷ ಸ್ವರಾಜ್ ಮಜ್ದಾ ಲಾರಿಯಲ್ಲಿ ತೆಂಗಿನಕಾಯಿ ಲೋಡ್ ಹೊಡೆದವರು. ರಜೆ ಇದ್ದಾಗ ನಾನೂ ಜೊತೆಗೆ ಹೋಗ್ತಿದ್ದೆ. ಎರಡು ಸೀಟಿನ ನಡುವೆ ಇಂಜಿನ್ ಮೇಲಿನ ಮುಚ್ಚಳ ಇರುತ್ತಲ್ಲ, ಅದರ ಮೇಲೆ ಗೋಣಿಚೀಲ ಮಡಚಿ ಹಾಕಿ ನನ್ನನ್ನ ಕೂರಿಸೋರು. ತಿಪಟೂರು ದಾಟೋದರೊಳಗೆ ಕೂತಲ್ಲಿ ಬಿಸಿ ಹತ್ತೋದು. ಮಜ್ದಾ ಅಂದ್ರೆ ಇವತ್ತಿಗೂ ನನಗೆ ನೆನಪಾಗೋದು ಆ ಬಿಸಿನೇ.

ಇದು ಅದೇ ಕಂಪನಿನಾ? ಆಫೀಸಿನಲ್ಲಿ ಒಬ್ಬ "ಕಣ್ಮುಚ್ಚಿ ಟೊಯೋಟ ತಗೋ" ಅಂತಾನೆ. ಇನ್ನೊಬ್ಬ "ಮಜ್ದಾ ತುಕ್ಕು ಹಿಡಿಯುತ್ತೆ" ಅಂತಾನೆ. ಗೊತ್ತಿರೋರು ಸ್ವಲ್ಪ ಹೇಳಿ.

ಪರ್ತ್ ಪುಟ್ಟಿ

ಅದೇ ಕಂಪನಿ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಮಜ್ದಾ ಅಂದ್ರೆ ಮನೆಮಾತು. 2011, 2012 ಎರಡೂ ವರ್ಷ ಇಡೀ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಮಜ್ದಾ 3. ಟೊಯೋಟ ಕೊರೊಲ್ಲಾನೂ ಹಿಂದೆ ಬಿತ್ತು. ನಮ್ಮ ಮನೆಯಲ್ಲೂ ಒಂದಿದೆ. ಒರಟು ಟಾರಿನ ಮೇಲೆ ಚಕ್ರದ ಸದ್ದು ಜಾಸ್ತಿ ಒಳಗೆ ಬರುತ್ತೆ, ಅದೊಂದು ಎಲ್ಲರೂ ಹೇಳೋ ಮಾತು. ಹಿಂದಿನ ಸೀಟು ಸ್ವಲ್ಪ ಇಕ್ಕಟ್ಟು. ಮಗುವಿನ ಸೀಟನ್ನ ಡ್ರೈವರ್ ಹಿಂದೆ ಹಾಕಬೇಡಿ, ಎಡಗಡೆ ಹಾಕಿ. ಇಲ್ಲದಿದ್ರೆ ನಿಮ್ಮ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತೆ.

ಪೀಣ್ಯದ ಲೇತು

ತಮ್ಮಾ, ನಿಮ್ಮ ತಂದೆ ಹೇಳಿದ್ದು ಅರ್ಧ ಸರಿ. ಮಿಕ್ಕ ಅರ್ಧ ನಾನು ಹೇಳ್ತೀನಿ. ಪೀಣ್ಯದಲ್ಲಿ ಮೂವತ್ತೊಂದು ವರ್ಷ ಟೂಲ್ ರೂಮಿನಲ್ಲಿದ್ದೆ. ನಡುವೆ ಏಳು ತಿಂಗಳು ಒಂದು ಮಷಿನ್ ಕಲಿಯೋಕೆ ಅಂತ ಹಿರೋಷಿಮಾಗೆ ಕಳಿಸಿದ್ದರು. ನಾನಿದ್ದದ್ದು ಮಜ್ದಾದಲ್ಲಲ್ಲ, ಹತ್ತಿರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಆದರೆ ಆ ಊರಲ್ಲಿ ಏಳು ತಿಂಗಳಿದ್ದು ಮಜ್ದಾ ಬಗ್ಗೆ ಕೇಳದೆ ಇರೋಕೆ ಆಗಲ್ಲ. ಭದ್ರಾವತಿಯಲ್ಲಿದ್ದು ಉಕ್ಕಿನ ಕಾರ್ಖಾನೆ ಬಗ್ಗೆ ಕೇಳದೆ ಇರೋಕಾಗುತ್ತಾ? ಹಾಗೆ. ಅಲ್ಲಿಯ ಬೇಸ್‌ಬಾಲ್ ತಂಡ "ತೋಯೋ ಕಾರ್ಪ್", ಆ ತೋಯೋ ಕೂಡ ಈ ಕಂಪನಿಯ ಹಳೇ ಹೆಸರೇ.

ಶುರುವಾದದ್ದು ಕಾರಿಗೂ ಅಲ್ಲ, ಲಾರಿಗೂ ಅಲ್ಲ. ಬಾಟಲಿ ಬಿರಡೆಗೆ ಬಳಸ್ತಾರಲ್ಲ, ಆ ಕಾರ್ಕಿಗೆ. 1920ರಲ್ಲಿ "ತೋಯೋ ಕಾರ್ಕ್ ಕೋಗ್ಯೋ" ಅಂತ ಹುಟ್ಟಿತು. ಮರುವರ್ಷ ಜುಜಿರೊ ಮತ್ಸುದಾ ಅದರ ಯಜಮಾನರಾದರು. ಮೀನುಗಾರರ ಮನೆಯ ಮಗ, ಚಿಕ್ಕ ವಯಸ್ಸಲ್ಲೇ ಕಮ್ಮಾರಸಾಲೆಯಲ್ಲಿ ಕೆಲಸ ಕಲಿತವರು. ಕಬ್ಬಿಣದ ಕೈಗೆ ಕಾರ್ಕ್ ಎಷ್ಟು ದಿನ ಸಾಕಾಗುತ್ತೆ? 1927ರಲ್ಲಿ ಹೆಸರಿನಿಂದ ಕಾರ್ಕ್ ತೆಗೆದರು, ಮಷಿನ್ ಕೆಲಸಕ್ಕೆ ಇಳಿದರು. 1931ರಲ್ಲಿ ಮೂರು ಚಕ್ರದ ಸರಕಿನ ಗಾಡಿ ಬಂತು. ಮುಂದೆ ಬೈಕಿನ ಹಾಗೆ ಹ್ಯಾಂಡಲ್, ಹಿಂದೆ ತೊಟ್ಟಿ. ನಮ್ಮ ಲಗೇಜ್ ಆಟೊಗೆ ದೊಡ್ಡಪ್ಪ ಅನ್ನಿ. ಅದಕ್ಕೇ ಮೊದಲು ಮಜ್ದಾ ಅಂತ ಹೆಸರಿಟ್ಟದ್ದು. ಯಜಮಾನರ ಹೆಸರೂ ಆಯ್ತು, ಪಾರ್ಸಿಗಳ ದೇವರು ಅಹುರ ಮಜ್ದಾನ ಹೆಸರೂ ಆಯ್ತು. ಜಪಾನಿನಲ್ಲಿ ಇವತ್ತಿಗೂ ಅದನ್ನ "ಮತ್ಸುದಾ" ಅಂತಲೇ ಕರೆಯೋದು.

ಮನುಷ್ಯರು ಕೂತು ಓಡಾಡೋ ಮೊದಲ ಕಾರು ಮಾಡಿದ್ದು 1960ರಲ್ಲಿ. ಅಲ್ಲಿವರೆಗೆ ಸುಮಾರು ಮೂವತ್ತು ವರ್ಷ ಬರೀ ಸರಕಿನ ಗಾಡಿ. ಅದಕ್ಕೇ ನಿಮ್ಮ ತಂದೆಯ ಮಾತನ್ನ ತಳ್ಳಿಹಾಕಬೇಡಿ ಅಂದದ್ದು.

1945ರ ಆಗಸ್ಟ್ 6 ಗೊತ್ತೇ ಇದೆ. ಬಾಂಬ್ ಬಿದ್ದ ಜಾಗದಿಂದ ಫ್ಯಾಕ್ಟರಿ ಪೂರ್ವಕ್ಕೆ ಸುಮಾರು 5 ಕಿ.ಮೀ. ನಡುವೆ ಹಿಜಿಯಾಮಾ ಅಂತ ಒಂದು ಗುಡ್ಡ. ನಾನು ಎಷ್ಟೋ ಭಾನುವಾರ ಅದನ್ನ ಹತ್ತಿದೀನಿ. ಎತ್ತರ ಹೆಚ್ಚೇನಿಲ್ಲ, ಎಪ್ಪತ್ತು ಮೀಟರ್ ಆಸುಪಾಸು. ಅಷ್ಟು ಗುಡ್ಡ ಅಡ್ಡ ಇದ್ದದ್ದಕ್ಕೆ ಆ ಕಡೆಯ ಕಟ್ಟಡಗಳು ನಿಂತವು. ಊರಲ್ಲಿದ್ದ ಪ್ರಾಂತ್ಯದ ಸರ್ಕಾರಿ ಕಚೇರಿ ಉಳಿಯಲಿಲ್ಲ. ಆಮೇಲೆ ಕೆಲವು ತಿಂಗಳು ಪ್ರಾಂತ್ಯದ ಆಡಳಿತ ನಡೆದದ್ದು ಈ ಫ್ಯಾಕ್ಟರಿ ಕಟ್ಟಡದಲ್ಲೇ. ಅದೇ ಡಿಸೆಂಬರಿಗೆ ಮೂರು ಚಕ್ರದ ಗಾಡಿ ಮತ್ತೆ ತಯಾರಾಗೋಕೆ ಶುರುವಾಯ್ತು. ನಾನಿದ್ದ ವರ್ಕ್‌ಶಾಪಿನ ಫೋರ್‌ಮನ್ ಮಾತು ಕಡಿಮೆ ಆಡೋ ಮನುಷ್ಯ. ಒಂದು ಸಲ ಗುಡ್ಡ ತೋರಿಸಿ, ಅಂಗೈಯನ್ನ ಮುಖಕ್ಕೆ ಅಡ್ಡ ಹಿಡಿದು ತೋರಿಸಿದ. ಅಷ್ಟೇ.

ಈಗ ಅವರ ಹಠದ ಕಥೆಗೆ ಬರ್ತೀನಿ. ರೋಟರಿ ಇಂಜಿನ್. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಮಾಮೂಲಿ ಇಂಜಿನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತೆ. ಇದರಲ್ಲಿ ಪಿಸ್ಟನ್ನೇ ಇಲ್ಲ. ಎರಡು ಬೀಜದ ಕಡಲೆಕಾಯಿ ಇರುತ್ತಲ್ಲ, ನಡುವೆ ಸ್ವಲ್ಪ ಸೊಂಟ ಇರೋದು, ಒಳಗಿನ ಜಾಗ ಆ ಆಕಾರ. ಅದರೊಳಗೆ ಮೂರು ಮೂಲೆಯ ರೋಟರ್ ಸುತ್ತುತ್ತೆ. ಮೂರು ಮೂಲೆಯಲ್ಲೂ ಒಂದೊಂದು ಸೀಲ್, ಅಂದ್ರೆ ಗ್ಯಾಸ್ ಸೋರದ ಹಾಗೆ ತಡೆಯೋ ಪಟ್ಟಿ, ಗೋಡೆಗೆ ಒರಸಿಕೊಂಡೇ ಓಡಬೇಕು. ಐಡಿಯಾ ಜರ್ಮನಿಯದ್ದು. 1961ರಲ್ಲಿ ಎನ್‌ಎಸ್‌ಯು ಕಂಪನಿಯಿಂದ ಲೈಸೆನ್ಸ್ ತಂದರು. ತಂದು ಓಡಿಸಿ ನೋಡಿದರೆ ಒಳಗಿನ ಗೋಡೆ ತುಂಬ ಅಲೆ ಅಲೆ ಗೆರೆ.

ಆ ಗೆರೆ ಏನಂತ ಪೀಣ್ಯದ ಯಾವ ಟರ್ನರ್ ಬೇಕಾದರೂ ಹೇಳ್ತಾನೆ. ಲೇತಿನಲ್ಲಿ, ಅಂದ್ರೆ ಕಬ್ಬಿಣ ಕಡೆಯೋ ಮಷಿನ್ನಿನಲ್ಲಿ, ಟೂಲನ್ನ ಜಾಸ್ತಿ ಹೊರಗೆ ಚಾಚಿ ಕಟ್ಟಿದರೆ ಕೀ ಅಂತ ಕಿರುಚುತ್ತೆ. ಆಮೇಲೆ ಕಡೆದ ತುಂಡಿನ ಮೇಲೆ ಉಗುರು ಆಡಿಸಿದರೆ ಟರ್‌ರ್ ಅಂತ ಸಣ್ಣ ಅಲೆ ಸಿಗುತ್ತೆ. ಚಾಟರ್. ನಾನು ಹೊಸಬನಾಗಿದ್ದಾಗ ಇದಕ್ಕೆ ಬೈಸಿಕೊಂಡದ್ದು ಅಷ್ಟಿಷ್ಟಲ್ಲ. ಅದೇ ಚಾಟರ್ ಇವರ ಇಂಜಿನ್ ಒಳಗೆ. ಸೀಲ್ ನಡುಗುತ್ತೆ, ಗೋಡೆ ಕೆರೆಯುತ್ತೆ. ಅವರು ಅದಕ್ಕೆ ಇಟ್ಟ ಹೆಸರು "ದೆವ್ವದ ಉಗುರಿನ ಗುರುತು". ಕೆನಿಚಿ ಯಾಮಾಮೊಟೊ ಅನ್ನೋ ಎಂಜಿನಿಯರ್ ಕೆಳಗೆ 47 ಜನರ ತಂಡ ಇದಕ್ಕೆ ಅಂತಲೇ ಕೂತರು. ಸೀಲಿಗೆ ಅಡ್ಡ, ಉದ್ದ ತೂತು ಕೊರೆದು ಅದರ ನಡುಕ ಬದಲಾಯಿಸಿ ನೋಡಿದರು. ಕೊನೆಗೆ ಕಾರ್ಬನ್ನಿಗೆ ಅಲ್ಯೂಮಿನಿಯಂ ಸೇರಿಸಿದ ಸೀಲ್ ಕೈ ಹಿಡಿಯಿತು. 1967ರಲ್ಲಿ ಕಾಸ್ಮೊ ಸ್ಪೋರ್ಟ್ ಬಂತು. ಒಂದು ಲೀಟರಿಗಿಂತ ಚಿಕ್ಕ ಇಂಜಿನ್, 110 ಅಶ್ವಶಕ್ತಿ. ಅಲ್ಲಿಯ ಮ್ಯೂಸಿಯಂನಲ್ಲಿ ಆ ಕಾರು ನೋಡಿದೆ. ನೆಲಕ್ಕೆ ಅಂಟಿಕೊಂಡ ಹಾಗೆ ತೆಳ್ಳಗೆ. ನಾನು ಗ್ಲಾಸಿಗೆ ಮುಖ ಒತ್ತಿ ನೋಡ್ತಿದ್ದೆ, ಅಲ್ಲಿನ ಹುಡುಗಿ ಬಂದು ನಯವಾಗಿ ಹಿಂದೆ ಸರಿಸಿದಳು.

1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್, 24 ಗಂಟೆ ರೇಸು. 787ಬಿ, ನಂಬರ್ 55, ಕಿತ್ತಳೆ ಹಸಿರು ಬಣ್ಣ. ಅದೂ ರೋಟರಿಯೇ. ಗೆದ್ದಿತು. ಜಪಾನಿನ ಕಂಪನಿಯೊಂದು ಆ ರೇಸ್ ಗೆದ್ದದ್ದು ಅದೇ ಮೊದಲು. ಟೊಯೋಟಗೆ ಅದು ಸಿಕ್ಕಿದ್ದು 2018ರಲ್ಲಿ. ಕೊನೆಗೆ ಓಡಿಸಿದ ಜಾನಿ ಹರ್ಬರ್ಟ್ ನೀರಿಲ್ಲದೆ ಬಳಲಿ ಬಿದ್ದು, ಬಹುಮಾನದ ಕಟ್ಟೆ ಹತ್ತೋಕೂ ಆಗಲಿಲ್ಲ.

ನಿಮ್ಮ ತಂದೆಯ ಗಾಡಿ ಬಗ್ಗೆ: ಎಂಬತ್ತರ ದಶಕದ ನಡುವಿನಲ್ಲಿ ಪಂಜಾಬ್ ಟ್ರ್ಯಾಕ್ಟರ್ಸ್ ಜೊತೆ ಸೇರಿ ಮಾಡಿದ್ದು, ಫ್ಯಾಕ್ಟರಿ ಪಂಜಾಬಿನ ರೋಪಡ್ ಹತ್ತಿರ. ಅದೇ ಹೊತ್ತಿಗೆ ನಾಲ್ಕು ಜಪಾನಿ ಲಾರಿ ಬಂದವು. ಡಿಸಿಎಂ ಟೊಯೋಟ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿ, ಸ್ವರಾಜ್ ಮಜ್ದಾ. ಆಲ್ವಿನ್ ತಯಾರಾಗ್ತಿದ್ದದ್ದು ನಮ್ಮ ಬೀದರ್ ಪಕ್ಕದ ಜಹೀರಾಬಾದಿನಲ್ಲಿ. ಹೆಸರು ಗಟ್ಟಿಯಾಗಿ ಉಳಿಸಿಕೊಂಡದ್ದು ಐಷರ್, ಸ್ವರಾಜ್ ಎರಡೇ. 2011ರಲ್ಲಿ ಸ್ವರಾಜ್ ಮಜ್ದಾ ಹೋಗಿ ಎಸ್‌ಎಂಎಲ್ ಇಸುಜು ಆಯ್ತು. ಜನ ಮಾತ್ರ ಮಜ್ದಾ ಅನ್ನೋದು ಬಿಡಲಿಲ್ಲ. ಮಜ್ದಾ ಕಾರು ನಮ್ಮ ದೇಶದ ಶೋರೂಮಿಗೆ ಬರಲೇ ಇಲ್ಲ. ಅದಕ್ಕೇ ಈ ಗೊಂದಲ.

ಲೆಕ್ಕದ ಪುಸ್ತಕ

ಮೇಲಿನ ಸರ್ ಬರೆದದ್ದು ಓದೋಕೆ ಚೆನ್ನಾಗಿದೆ. ಆದರೆ ಖರ್ಚಿನ ಪುಟ ಬಿಟ್ಟಿದ್ದಾರೆ. ನಾನು ತುಂಬ್ತೀನಿ.

ಆ ರೋಟರಿಯೇ ಕಂಪನಿಯನ್ನ ಮುಳುಗಿಸೋಕೆ ಹೊರಟಿದ್ದು. ಅದಕ್ಕೆ ಪೆಟ್ರೋಲ್ ಜಾಸ್ತಿ ಬೇಕು, ಆಯಿಲ್ಲೂ ಕುಡಿಯುತ್ತೆ. 1973ರಲ್ಲಿ ತೈಲದ ಬೆಲೆ ಏರಿದಾಗ ಅಮೆರಿಕದಲ್ಲಿ ಯಾರಿಗೂ ಬೇಡವಾಯ್ತು. ಸುಮಿಟೊಮೊ ಬ್ಯಾಂಕ್ ಬಂದು ಕೈ ಹಿಡಿಯದಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಫ್ಯಾಕ್ಟರಿಯ ಕೆಲಸಗಾರರನ್ನ ಶೋರೂಮಿಗೆ ಕಳಿಸಿ ಕಾರು ಮಾರಿಸಿದ್ದಾರೆ. 1979ರಲ್ಲಿ ಫೋರ್ಡ್ ಕಾಲು ಭಾಗದಷ್ಟು ಪಾಲು ತಗೊಂಡಿತು. 1996ರಲ್ಲಿ ಅದು ಮೂರನೇ ಒಂದು ಪಾಲಾಯ್ತು, ಫೋರ್ಡಿನ ಹೆನ್ರಿ ವಾಲೇಸ್ ಅಧ್ಯಕ್ಷರಾದರು. ಜಪಾನಿನ ಕಾರು ಕಂಪನಿಗೆ ಹೊರದೇಶದವರು ಅಧ್ಯಕ್ಷರಾದದ್ದು ಅದೇ ಮೊದಲು. ಈಗ ಟೊಯೋಟ ಕೈಯಲ್ಲೂ 5 ಪರ್ಸೆಂಟ್ ಚಿಲ್ಲರೆ ಇದೆ. ಯಾವಾಗಲೂ ಯಾರದ್ದೋ ಹೆಗಲು ಬೇಕು.

ತುಕ್ಕಿನ ಮಾತೂ ಸುಳ್ಳಲ್ಲ. ಮೊದಲ ತಲೆಮಾರಿನ ಮಜ್ದಾ 3, ಮಜ್ದಾ 6ರ ಹಿಂದಿನ ಚಕ್ರದ ಮೇಲಿನ ಕಮಾನು ಕೆನಡಾ, ಯುರೋಪಿನಲ್ಲಿ ಹಪ್ಪಳದ ಹಾಗೆ ಉದುರಿವೆ. ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರೀತಾರಲ್ಲ, ಅದರ ಫಲ. ನನ್ನ ಓಟು ಟೊಯೋಟಗೆ. ಮಾರುವಾಗ ಎರಡು ಕಾಸು ಜಾಸ್ತಿ ಬರುತ್ತೆ.

ಪೀಣ್ಯದ ಲೇತು

ಲೆಕ್ಕದ ಪುಸ್ತಕ ಅವರೇ, ಒಪ್ಪಿದೆ. ಒಂದು ಸಾಲು ಸೇರಿಸ್ಕೊಳ್ಳಿ. ಸ್ವರಾಜ್ ಮಜ್ದಾದಲ್ಲಿ ಪಾಲುದಾರರಾಗಿ ಬಂದದ್ದೂ ಅದೇ ಸುಮಿಟೊಮೊ ಬಳಗ. ಹಾಗಾಗಿ ಅರಸೀಕೆರೆಯ ತೆಂಗಿನಕಾಯಿಗೂ ಆ ಸಾಲಕ್ಕೂ ಸ್ವಲ್ಪ ನಂಟಿದೆ.

ರೋಟರಿಯನ್ನ ನಾನು ಕೈ ಮುಗಿದು ನೋಡ್ತೀನಿ. ಆದರೆ ದುಡ್ಡು ಕೊಟ್ಟು ತಗೊಳ್ಳಲ್ಲ. ಯಾರಾದರೂ ಅಗ್ಗಕ್ಕೆ ರೋಟರಿ ಇಂಜಿನ್ನಿನ ಮಜ್ದಾ ಆರ್‌ಎಕ್ಸ್-8 ಕೊಡ್ತೀನಿ ಅಂದ್ರೆ ಓಡಿಹೋಗಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ, ನಾಲ್ಕು ಅಡಿ ಸರಿಸಿ, ತಣ್ಣಗಿರುವಾಗಲೇ ಆಫ್ ಮಾಡಿದರೆ ಒಳಗೆ ಪೆಟ್ರೋಲ್ ತುಂಬಿ ಮತ್ತೆ ಸ್ಟಾರ್ಟ್ ಆಗದೆ ಕೂರೋ ಸ್ವಭಾವ ಅದರದ್ದು.

ನೀವು ನೋಡಿರೋದು ಬೇರೆ ಜಾತಿ. ಫೋರ್ಡ್ ದೂರ ಸರಿಯುತ್ತಿದ್ದಾಗ ಇವರು ಇಂಜಿನ್, ಗೇರ್ ಬಾಕ್ಸ್, ಚಾಸಿ ಎಲ್ಲಾ ಹೊಸದಾಗಿ ಕೂತು ಮಾಡಿದರು. ಸ್ಕೈಆಕ್ಟಿವ್ ಅಂತ. ಮಿಕ್ಕವರು ಪೆಟ್ರೋಲ್ ಇಂಜಿನಿಗೆ ಕಂಪ್ರೆಷನ್, ಅಂದ್ರೆ ಒಳಗಿನ ಗಾಳಿಯನ್ನ ಎಷ್ಟು ಪಟ್ಟು ಅದುಮೋದು ಅನ್ನೋ ಲೆಕ್ಕ, 10, 11 ಇಡ್ತಿದ್ದ ಕಾಲದಲ್ಲಿ ಇವರು 13, 14 ಇಟ್ಟರು. ಟರ್ಬೊ ಹಾಕದೆಯೇ ಮೈಲೇಜ್ ತೆಗೆದರು. ಎಲ್ಲರೂ ಬಿಡಿ ಗೇರಿಲ್ಲದೆ ಬೆಲ್ಟಿನಲ್ಲಿ ಓಡೋ ಸಿವಿಟಿ ಆಟೊಮ್ಯಾಟಿಕ್ಕಿಗೆ ಹೋದಾಗ ಇವರು ಆರು ಗೇರಿನ ಮಾಮೂಲಿ ಆಟೊಮ್ಯಾಟಿಕ್ ಬಿಡಲಿಲ್ಲ. ಅದು ನನ್ನ ಲೆಕ್ಕದಲ್ಲಿ ದೊಡ್ಡ ಮಾತು. 2020ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಕೆಡದೆ ಓಡೋ ಕಾರುಗಳ ಪಟ್ಟಿಯಲ್ಲಿ ಮಜ್ದಾವನ್ನ ಮೊದಲನೇ ಜಾಗದಲ್ಲಿ ಇಟ್ಟಿತ್ತು. ಟೊಯೋಟ ಅದರ ಹಿಂದೆ.

ಮೆಲ್ಬರ್ನಿನಲ್ಲಿ ಉಪ್ಪು ಸುರಿಯೋ ರಸ್ತೆ ಇಲ್ಲ. ಆದರೂ ಬಗ್ಗಿ ನೋಡಿ. ಹಿಂದಿನ ಚಕ್ರದ ಕಮಾನಿನ ಒಳಅಂಚಿಗೆ ಬೆರಳು ಹಾಕಿ ಎಳೀರಿ, ಪೇಂಟ್ ಗುಳ್ಳೆ ಇದ್ದರೆ ಕೈಗೇ ಗೊತ್ತಾಗುತ್ತೆ. ಸರ್ವಿಸ್ ಪುಸ್ತಕದಲ್ಲಿ ಆಯಿಲ್ ಬದಲಿಸಿದ ತಾರೀಖು ತಪ್ಪಿದೆಯಾ ನೋಡಿ. ಗಾಡಿ ರಸ್ತೆಗೆ ಯೋಗ್ಯ ಅನ್ನೋ ರೋಡ್‌ವರ್ದಿ ಸರ್ಟಿಫಿಕೇಟ್ ಮಾರುವವರೇ ಕೊಡಬೇಕು, ಕೇಳಿ. ನಾನೊಮ್ಮೆ ಒಬ್ಬ ಡೀಲರ್ ಮಾತು ನಂಬಿ ಸರ್ವಿಸ್ ಪುಸ್ತಕ ಇಲ್ಲದ ಕಾರು ತಗೊಂಡು ಮೂರೇ ತಿಂಗಳಿಗೆ ಗೇರ್ ಬಾಕ್ಸ್ ಇಳಿಸಿದವನು. ಸ್ಕ್ರೀನ್ ತಾನಾಗೇ ಹಾಡು ಬದಲಿಸುತ್ತಾ ಅದನ್ನೂ ನೋಡಿ, ಆ ಕಾಲದ ಮಜ್ದಾ 3ರ ಸ್ಕ್ರೀನಿಗೆ ಆ ಚಾಳಿ ಇದೆ ಅಂತ ಕೇಳಿದೀನಿ. ಮತ್ತೆ ಚಾಸಿ ನಂಬರಿನ ಮೊದಲ ಅಕ್ಷರ ನೋಡಿ. ಜೆ ಇದ್ದರೆ ಜಪಾನಿನಲ್ಲಿ ತಯಾರಾದದ್ದು. ಅದರಿಂದ ಕಾರು ಜಾಸ್ತಿ ದಿನ ಬಾಳುತ್ತೆ ಅಂತಲ್ಲ. ನನಗೆ ಸುಮ್ನೆ ಕುತೂಹಲ.

ಅರಸೀಕೆರೆ ಹುಡುಗ, ಮೆಲ್ಬರ್ನ್

ನಿನ್ನೆ ಸಂಜೆ ಮತ್ತೆ ಹೋಗಿದ್ದೆ. ಮೊಬೈಲ್ ಟಾರ್ಚ್ ಹಿಡಿದು ನೆಲಕ್ಕೆ ಮಲಗಿ ನೋಡಿದೆ. ಕಮಾನಿನಲ್ಲಿ ಗುಳ್ಳೆ ಇಲ್ಲ, ಒಂದು ಹಿಡಿ ಮಣ್ಣು ಮಾತ್ರ ಬಂತು. ಸರ್ವಿಸ್ ಪುಸ್ತಕದಲ್ಲಿ ಒಂದೇ ಒಂದು ಸಲ, 2020ರಲ್ಲಿ, ಐದು ತಿಂಗಳು ತಡ. ಲಾಕ್‌ಡೌನ್ ಇತ್ತು ಅಂದರು ಟೀಚರ್. ಸ್ಕ್ರೀನ್ ಸುಮ್ಮನಿದೆ. ರೋಡ್‌ವರ್ದಿ ಶುಕ್ರವಾರ ಮಾಡಿಸಿ ಕೊಡ್ತಾರಂತೆ. ಮಗುವಿನ ಸೀಟ್ ಅಳತೆ ಟೇಪ್ ಹಿಡಿದು ನೋಡಿದ್ವಿ, ಎಡಗಡೆ ಕೂರುತ್ತೆ. ಪರ್ತ್ ಅಕ್ಕನಿಗೆ ಥ್ಯಾಂಕ್ಸ್.

ಲೇತು ಸರ್, ಮೊದಲ ಅಕ್ಷರ ಜೆ.

ನೀವು ಬರೆದದ್ದನ್ನ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಬಿರಡೆ, ಬಾಂಬ್, ಕಡಲೆಕಾಯಿ ಇಂಜಿನ್ ಎಲ್ಲಾ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ "ಅದೆಲ್ಲ ಇರಲಿ, ಇಂಜಿನ್ ಮುಂದಿದೆಯೋ, ಸೀಟಿನ ಕೆಳಗಿದೆಯೋ?" ಅಂದರು. ಮುಂದಿದೆ ಅಪ್ಪಾ ಅಂದೆ. "ಹಂಗಾದ್ರೆ ತಗೋ. ಮಗೀಗೆ ಬಿಸಿ ಹತ್ತಲ್ಲ."