ಸಹಾಯ ಬೇಕು: ಜಿ.ಎನ್.ಎಂ. ಮುಗಿದಿದೆ, ಮುಂದೆ ಕೆಲಸವೋ ಪೋಸ್ಟ್ ಬೇಸಿಕ್ ಓದೋ?

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ನನ್ನ ತಂಗಿ 3 ವರ್ಷದ ಜಿ.ಎನ್.ಎಂ. (ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯನ್ನೂ ಮಾಡಿಸಿಕೊಂಡಿದ್ದಾಳೆ. ಕೇಂದ್ರ ಸರ್ಕಾರದ ಏಮ್ಸ್ ಸಂಸ್ಥೆ ನರ್ಸ್‌ಗಳ ನೇಮಕಾತಿಗಾಗಿ ನಡೆಸುವ ನಾರ್‌ಸೆಟ್ ಪರೀಕ್ಷೆ ಬರೆದು ನರ್ಸಿಂಗ್ ಆಫೀಸರ್ ಆಗಬೇಕೆಂಬುದು ಅವಳ ಆಸೆ. ಅದಕ್ಕೆ ತಕ್ಕ ಶ್ರದ್ಧೆಯೂ ಅವಳಲ್ಲಿದೆ.

ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ (ಜಿ.ಎನ್.ಎಂ. ಆದ ಮೇಲೆ ಓದುವ ಪದವಿ) ಆದವರು ಸೇವಾನುಭವವಿಲ್ಲದೆಯೇ ಈ ಪರೀಕ್ಷೆಗೆ ಅರ್ಜಿ ಹಾಕಬಹುದು, ಜಿ.ಎನ್.ಎಂ. ಆದವರು ಮಾತ್ರ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ 2 ವರ್ಷ ಕೆಲಸ ಮಾಡಿರಬೇಕು. ಕುಶಾಲನಗರದ ಒಂದು ನರ್ಸಿಂಗ್ ಹೋಮ್‌ನವರು ಅವಳನ್ನು ಕರೆದಿದ್ದಾರೆ, ಮನೆಗೂ ಹತ್ತಿರ, ಆದರೆ ಅದು ಅಷ್ಟು ದೊಡ್ಡದಲ್ಲ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಗುತ್ತಿಗೆ ಹುದ್ದೆ ಸಿಕ್ಕರೆ ಹಾಸಿಗೆಗಳ ಲೆಕ್ಕ ಸರಿಹೋಗುತ್ತದೆ. ಪೋಸ್ಟ್ ಬೇಸಿಕ್ ಕೂಡ 2 ವರ್ಷವೇ, ಆದರೆ ಅಷ್ಟು ಕಾಲ ಸಂಬಳವಿಲ್ಲದೆ ಶುಲ್ಕ ಕಟ್ಟುವುದು ತೋಟದ ಕೂಲಿಯನ್ನೇ ನಂಬಿರುವ ನಮ್ಮ ಅಮ್ಮನಿಗೆ ಬಹಳ ಭಾರ.

ಅವಳು ಓದಿದ ಕಾಲೇಜಿನ ಮೇಡಂ ಅವರನ್ನೂ, ಪರಿಚಯದ ಹಿರಿಯ ನರ್ಸ್‌ಗಳನ್ನೂ ವಿಚಾರಿಸಿದೆವು. ಗುತ್ತಿಗೆ ಸೇವೆಯನ್ನು ಅನುಭವವೆಂದು ಒಪ್ಪುತ್ತಾರೆಂದು ಕೆಲವರು ಹೇಳಿದರೆ, ಇಲ್ಲವೆಂದು ಇನ್ನು ಕೆಲವರು ಹೇಳುತ್ತಾರೆ. ನಾವು ಸಿಕ್ಕಿಕೊಂಡಿರುವುದು ಇಲ್ಲಿಯೇ.

ಜಿ.ಎನ್.ಎಂ. ಆಧಾರದ ಮೇಲೆ ನಾರ್‌ಸೆಟ್‌ನಲ್ಲಿ ಆಯ್ಕೆಯಾದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ದಾಖಲೆ ಪರಿಶೀಲನೆಯಲ್ಲಿ ನಿಮ್ಮ ಗುತ್ತಿಗೆ ಸೇವೆಯನ್ನು ಒಪ್ಪಿದರೇ? ಅನುಭವ ಪ್ರಮಾಣಪತ್ರದಲ್ಲಿ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆಯನ್ನು ಬರೆಸಿಕೊಳ್ಳಬೇಕೇ?