ಐದು ತಿಂಗಳಿಂದ ಕಮಿಷನ್ ಕೊಟ್ಟಿಲ್ಲ, ಕೆಲಸ ಬಿಟ್ಟರೆ ಬಾಕಿ ಸಿಗುತ್ತಾ?

ಪ್ರಶ್ನೆ

ಮೇಡಂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ. ನಾವು ಏಳು ಜನ ಒಂದೇ ಕಂಪನಿಯಲ್ಲಿ ಸೇಲ್ಸ್‌ನಲ್ಲಿ ಇದ್ದೇವೆ. ಫಿಕ್ಸ್ ಸಂಬಳ ಇರುವುದು ಹೆಸರಿಗೆ, ಮನೆ ನಡೆಯುವುದೆಲ್ಲ ಕಮಿಷನ್‌ನಲ್ಲೇ. ಬಿಲ್ ಮೊತ್ತದ ಮೇಲೆ ಶೇ. 4 ಅಂತ ಸೇರುವಾಗ ಮೇಲ್‌ನಲ್ಲಿ ಬರೆದುಕೊಟ್ಟಿದ್ದರು. ಮೊದಲ ವರ್ಷ ತಿಂಗಳಿಗೆ ಸರಿಯಾಗಿ ಬಂತು. ಆಮೇಲೆ "ಗಿರಾಕಿ ದುಡ್ಡು ಬಂದಿಲ್ಲ, ಬರಲಿ ನೋಡೋಣ" ಶುರುವಾಯಿತು. ಈಗ ಐದು ತಿಂಗಳು, ಬಿಡಿಗಾಸು ಇಲ್ಲ. ಹೋದ ವಾರ ಹೊಸ ಪಾಲಿಸಿ ಅಂತ ಒಂದು ಪಿಡಿಎಫ್ ಬಂತು. ಅದರಲ್ಲಿ ಶೇ. 4 ಹೋಗಿ 2.5 ಆಗಿದೆ, ಅದೂ ಐದು ತಿಂಗಳ ಹಿಂದಿನ ತಾರೀಕಿನಿಂದ! ಕೇಳಿದರೆ ಮ್ಯಾನೇಜರ್ "ಕಮಿಷನ್ ಅನ್ನೋದು ಸಂಬಳ ಅಲ್ಲಪ್ಪ, ಕಂಪನಿ ಖುಷಿಯಿಂದ ಕೊಡೋದು" ಅಂತಾರೆ. ಇಬ್ಬರು ಆಗಲೇ ಬಿಟ್ಟುಹೋದರು, ಅವರಿಗೂ ಬಾಕಿ ಕೊಟ್ಟಿಲ್ಲ. ನಾನೂ ಬಿಡೋಣ ಅಂತಿದ್ದೇನೆ. ಬಿಟ್ಟರೆ ನನ್ನ ದುಡ್ಡು ಬರುತ್ತಾ?

ಉತ್ತರ (ಕಾರ್ಮಿಕ ವಕೀಲೆ)

ಇವತ್ತೇ ರಾಜೀನಾಮೆ ಬಿಸಾಕಬೇಡಿ. ಮತ್ತೆ ಆ ಪಿಡಿಎಫ್‌ಗೆ ಯಾರೂ "ಓಕೆ ಸರ್" ಅಂತ ಉತ್ತರ ಹಾಕಿಲ್ಲ ತಾನೇ? ಹಾಕಿದ್ದರೆ ಮುಚ್ಚಿಡದೆ ಹೇಳಿ.

ಕಂಪನಿ ಖುಷಿಯಿಂದ ಕೊಡುವುದಕ್ಕೆ ಇನಾಮು ಅಂತಾರೆ. ಶೇ. 4 ಅಂತ ದರ ಬರೆದು, ಒಂದು ವರ್ಷ ಅದೇ ದರದಲ್ಲಿ ಕೊಟ್ಟು, ಈಗ ಬಂದು ಖುಷಿ ಅಂದರೆ ಆಗಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1949ರ ವೇತನ ರಕ್ಷಣೆ ಒಪ್ಪಂದ ಇದೆ, 95ನೇ ನಂಬರಿನದು. ಹೆಸರು ಏನೇ ಇಡಿ, ಲೆಕ್ಕ ಹೇಗೇ ಹಾಕಿ, ಮಾಡಿದ ಕೆಲಸಕ್ಕೆ ಕೊಡಬೇಕಾದ ದುಡ್ಡು ವೇತನವೇ ಅನ್ನುವುದು ಅದರ ಮೊದಲ ಕಲಮಿನ ಸಾರ. ಬ್ರಿಟನ್ನಿನ 1996ರ ಕಾಯಿದೆಯಲ್ಲಂತೂ ವೇತನ ಅಂದರೆ ಏನು ಅಂತ ಹೇಳುವಾಗ ಕಮಿಷನ್ ಅನ್ನುವ ಪದವನ್ನೇ ಹಾಕಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಕಮಿಷನ್ ಕರಾರು ಬರವಣಿಗೆಯಲ್ಲೇ ಇರಬೇಕು, ಸಹಿ ಹಾಕಿದ ಪ್ರತಿ ನೌಕರರ ಕೈಗೆ ಕೊಟ್ಟು ಕೊಟ್ಟದ್ದಕ್ಕೆ ರಸೀದಿಯನ್ನೂ ತೆಗೆದುಕೊಳ್ಳಬೇಕು.

ಭಾರತದಲ್ಲಿ ಇದು ಸ್ವಲ್ಪ ಸಿಕ್ಕು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆ ಇದೆಯಲ್ಲ, ಅದರಲ್ಲಿ ವೇತನದ ಲೆಕ್ಕದಿಂದ ಕಮಿಷನ್ನನ್ನು ಹೊರಗಿಟ್ಟಿದ್ದಾರೆ. ನಿಮ್ಮ ಮ್ಯಾನೇಜರ್ ಇದನ್ನೇ ಎಲ್ಲೋ ಅರ್ಧ ಓದಿರಬಹುದು. ಉಳಿದರ್ಧ ಏನೆಂದರೆ, ಹೀಗೆ ಹೊರಗಿಟ್ಟ ಬಾಬತ್ತುಗಳೆಲ್ಲ ಸೇರಿ ಒಟ್ಟು ಗಳಿಕೆಯ ಅರ್ಧಕ್ಕಿಂತ ಜಾಸ್ತಿ ಆದರೆ, ಅರ್ಧ ಮೀರಿದ ಭಾಗ ವಾಪಸ್ ವೇತನಕ್ಕೇ ಸೇರುತ್ತದೆ. ನಿಮಗೆ ಬರುವ 100ರಲ್ಲಿ 70 ಕಮಿಷನ್ ಅಂತ ಇಟ್ಟುಕೊಳ್ಳಿ. 50 ಮೀರಿದ 20 ವೇತನಕ್ಕೆ ಸೇರಿತು, ಫಿಕ್ಸ್ ಸಂಬಳದ 30ರ ಜೊತೆ ಸೇರಿ 50 ಆಯಿತು. ಉಳಿದ 50 ಹೋಯಿತಾ? ಇಲ್ಲ. ಅದು ಕರಾರಿನ ಪ್ರಕಾರ ಕಂಪನಿ ನಿಮಗೆ ಕೊಡಬೇಕಾದ ಸಾಲ, ಕೇಳುವ ಬಾಗಿಲು ಮಾತ್ರ ಬೇರೆ.

ನಿಮ್ಮ ಜಗಳ ನಿಂತಿರುವುದು "ಕಮಿಷನ್ ಯಾವ ಘಳಿಗೆಯಲ್ಲಿ ನಿಮ್ಮದಾಯಿತು" ಅನ್ನುವುದರ ಮೇಲೆ. ಆರ್ಡರ್ ಬಂದಾಗಲಾ, ಮಾಲು ತಲುಪಿದಾಗಲಾ, ಬಿಲ್ ಆದಾಗಲಾ, ಗಿರಾಕಿ ದುಡ್ಡು ಕಟ್ಟಿದಾಗಲಾ? ಸೇರುವಾಗ ಬಂದ ಆ ಮೇಲ್ ತೆಗೆದು ಅಕ್ಷರ ಅಕ್ಷರ ಓದಿ. "ದುಡ್ಡು ಬಂದ ಮೇಲೆ" ಅಂತ ಅದರಲ್ಲಿ ಇಲ್ಲದಿದ್ದರೆ, ಈಗ ಬಾಯಲ್ಲಿ ಸೇರಿಸಿದ ಷರತ್ತು ನಿಲ್ಲುವುದು ಕಷ್ಟ. ಇದ್ದರೆ, ಯಾವ ಗಿರಾಕಿ ಕೊಟ್ಟಿಲ್ಲ ಅಂತ ಹೆಸರು ಹೇಳಿ ತೋರಿಸಲಿ. ಐದು ತಿಂಗಳು ಒಬ್ಬ ಗಿರಾಕಿಯೂ ಕೊಟ್ಟಿಲ್ಲ ಅಂದರೆ ಕಂಪನಿ ಹೇಗೆ ನಡೆಯುತ್ತಿದೆ ಮತ್ತೆ?

ಹಿಂದಿನ ತಾರೀಕಿನಿಂದ ದರ ಇಳಿಸುವ ವಿಷಯ. ಮುಂದಿನ ಮಾರಾಟಕ್ಕೆ ದರ ಬದಲಿಸುವ ಅಧಿಕಾರ ಕಂಪನಿಗೆ ಇರಬಹುದು, ಕರಾರು ನೋಡಬೇಕು. ಆಗಲೇ ನಿಮ್ಮದಾದ ಕಮಿಷನ್ನನ್ನು ಹಿಂದಕ್ಕೆ ಹೋಗಿ ಕತ್ತರಿಸುವುದು ಬೇರೆ ಮಾತು. ಆದರೆ ಸುಮ್ನೆ ಕೂತು ಕೆಲಸ ಮಾಡುತ್ತಾ ಹೋದರೆ, ನಾಳೆ "ಒಪ್ಪಿಕೊಂಡೇ ಮಾಡಿದರಲ್ಲ" ಅಂತಾರೆ. ಅದಕ್ಕೆ ಇವತ್ತು ರಾತ್ರಿಯೇ ಏಳೂ ಜನ ಒಂದು ಮೇಲ್ ಹಾಕಿ. ನಾಲ್ಕು ಸಾಲು ಸಾಕು: "ಹೊಸ ಪಾಲಿಸಿ ಬಂದಿದೆ. ಈಗಾಗಲೇ ಆದ ಮಾರಾಟಕ್ಕೆ ಇದು ಅನ್ವಯಿಸುತ್ತದೆ ಎಂಬುದನ್ನು ನಾವು ಒಪ್ಪಿಲ್ಲ. ಕೆಲಸ ಮುಂದುವರಿಸುವುದನ್ನು ಒಪ್ಪಿಗೆ ಎಂದು ತಿಳಿಯಬಾರದು. ಬಾಕಿ ಕಮಿಷನ್‌ನ ಬಿಲ್‌ವಾರು ವಿವರ ಕಳಿಸಿ." ಬೈಗುಳ ಬೇಡ, ಕಣ್ಣೀರೂ ಬೇಡ.

ಅದೇ ಸದಸ್ಯರು

ಥ್ಯಾಂಕ್ಸ್ ಮೇಡಂ. ಓಕೆ ಅಂತ ಒಬ್ಬರು ಹಾಕಿದ್ದಾರೆ, ಹೆಬ್ಬೆರಳಿನ ಚಿತ್ರ. ಆ ಮೇಲ್‌ನಲ್ಲಿ "ಬಿಲ್ ಆದ ಮೇಲೆ ಮುಂದಿನ ತಿಂಗಳು" ಅಂತ ಇದೆ, ದುಡ್ಡು ಬಂದ ಮೇಲೆ ಅಂತ ಇಲ್ಲ. ನಮ್ಮ ಹತ್ತಿರ ಲೆಕ್ಕ ಅಂತ ಇಲ್ಲ, ಎಲ್ಲ ಕಂಪನಿ ಸಾಫ್ಟ್‌ವೇರ್‌ನಲ್ಲಿ ಇದೆ. ಇಡೀ ಡೇಟಾ ನನ್ನ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಲಾ?

ಉತ್ತರ

ಬೇಡ! ದಯವಿಟ್ಟು ಬೇಡ. ಗಿರಾಕಿಗಳ ಪಟ್ಟಿ, ಫೋನ್ ನಂಬರು, ದರಪಟ್ಟಿ ಎಲ್ಲ ಹೊರಗೆ ಕಳಿಸಿಕೊಂಡರೆ ಮಾರನೇ ದಿನ ನೀವೇ ಆರೋಪಿ. ನೀವು ದುಡ್ಡು ಕೇಳಿದಿರಿ, ಅವರು ಡೇಟಾ ಕದ್ದ ಕಥೆ ಹೇಳುತ್ತಾರೆ, ಕಮಿಷನ್ ಮಾತು ಮೂಲೆಗೆ ಬೀಳುತ್ತದೆ.

ಹೆಬ್ಬೆರಳಿನವರು ಇವತ್ತೇ ಬರೆಯಲಿ, "ತಲುಪಿತು ಅಂತ ಹೇಳಿದ್ದು, ಒಪ್ಪಿದ್ದಲ್ಲ" ಅಂತ.

ಲೆಕ್ಕಕ್ಕೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಮಾರಾಟಕ್ಕೆ ಒಂದು ಸಾಲು. ಬಿಲ್ ನಂಬರು, ಬಿಲ್ ಆದ ತಾರೀಕು, ಮೊತ್ತ, ನಿಮ್ಮ ಶೇ. 4, ಬಂದದ್ದು ಎಷ್ಟು, ಬಾಕಿ ಎಷ್ಟು. ಕೊನೆಯಲ್ಲಿ "ಸಾಕ್ಷಿ" ಅಂತ ಒಂದು ಕಾಲಂ. ಆರ್ಡರ್ ಕನ್ಫರ್ಮ್ ಮಾಡಿದ ಮೆಸೇಜು, ಮಾಲು ತಲುಪಿದ ಚಲನ್, ಮ್ಯಾನೇಜರ್ "ಸೂಪರ್, ಈ ತಿಂಗಳು ಟಾರ್ಗೆಟ್ ದಾಟಿದಿರಿ" ಅಂತ ಗ್ರೂಪಿನಲ್ಲಿ ಹಾಕಿದ ಸಾಲು, ಎಲ್ಲ ಸಾಕ್ಷಿಯೇ. ನನ್ನ ಹತ್ತಿರ ಬಂದವರೊಬ್ಬರು ಚಲನ್ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಪೆನ್ಸಿಲ್‌ನಲ್ಲಿ ಬಿಲ್ ನಂಬರು ಗೀಚಿಕೊಂಡಿದ್ದರು, ಕೆಲವು ಅಳಿಸಿಯೂ ಹೋಗಿದ್ದವು. ಆದರೂ ಕಂಪನಿಯ ರಿಜಿಸ್ಟರ್ ಪಕ್ಕ ಇಟ್ಟಾಗ ನಂಬರು ಒಂದೊಂದೇ ತಾಳೆಯಾದವು. ಅವತ್ತಿನಿಂದ ಎದುರು ಪಾರ್ಟಿಯವರ ದನಿ ತಗ್ಗಿತು. ಇನ್ನೊಬ್ಬರ ಕೇಸಿನಲ್ಲಿ ಎಲ್ಲವೂ ಕಂಪನಿ ಲಾಗಿನ್‌ನಲ್ಲೇ ಇತ್ತು. ಬೆಳಗ್ಗೆ ರಾಜೀನಾಮೆ ಕೊಟ್ಟರು, ಮಧ್ಯಾಹ್ನ ಲಾಗಿನ್ ಬಂದ್. ಅದಕ್ಕೇ ರಾಜೀನಾಮೆ ಆಮೇಲೆ ಅಂದದ್ದು.

ಬೇರೆ ಸದಸ್ಯರು

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಗಿರಾಕಿ ಮಾಲು ವಾಪಸ್ ಕಳಿಸಿದರೆ ಕೊಟ್ಟ ಕಮಿಷನ್ ಮುಂದಿನ ತಿಂಗಳು ಕಟ್ ಮಾಡುತ್ತಾರೆ. ತಪ್ಪು ಮಾಲು ಕಳಿಸಿದ್ದು ಗೋಡೌನಿನವರು, ಕಟ್ ಆಗುವುದು ನಮ್ಮದು. ಇದು ಸರೀನಾ?

ಉತ್ತರ

ವಾಪಸ್ ಬಂದ ಮಾಲಿಗೆ ಕಮಿಷನ್ ಹಿಂಪಡೆಯುವುದೇ ತಪ್ಪು ಅಂತ ಹೇಳಲಾರೆ, ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಹಲವು ಕಡೆ ನಡೆಯುತ್ತದೆ. ಆದರೆ ತಪ್ಪು ಯಾರದು ಅಂತ ಕೇಳಲೇಬೇಕು. ಯುರೋಪಿನಲ್ಲಿ ಸ್ವತಂತ್ರ ವ್ಯಾಪಾರಿ ಏಜೆಂಟರಿಗಾಗಿ 1986ರ ಒಂದು ನಿರ್ದೇಶನ ಇದೆ. ವ್ಯವಹಾರ ಮುರಿದುಬಿದ್ದು, ಅದಕ್ಕೆ ಕಂಪನಿಯ ಕಡೆಯ ತಪ್ಪು ಕಾರಣ ಅಲ್ಲದಿದ್ದರೆ ಮಾತ್ರ ಕಮಿಷನ್ ಹಕ್ಕು ಹೋಗುತ್ತದೆ ಅನ್ನುತ್ತದೆ ಅದು. ನಿಮ್ಮ ಗೋಡೌನ್ ಕಥೆಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ಬೇರೆ ದೇಶದಲ್ಲಿ ಅದು ಕಾನೂನಲ್ಲ, ಆದರೂ ವಾದಕ್ಕೆ ಒಳ್ಳೆಯ ದಾರಿ. ಅದೇ ನಿರ್ದೇಶನದಲ್ಲಿ ನನಗೆ ಇಷ್ಟವಾದ ಇನ್ನೊಂದು ಮಾತಿದೆ: ಏಜೆಂಟರು ತಮ್ಮ ಕಮಿಷನ್ ತಾಳೆ ನೋಡಲು ಕಂಪನಿಯ ಲೆಕ್ಕದ ಪುಸ್ತಕದಿಂದ ವಿವರ ಕೇಳಬಹುದು. ಅದು ಎಲ್ಲ ಕಡೆ ಬರಬೇಕಿತ್ತು. ಸೇಲ್ಸ್‌ನವರ ಕೇಸು ಸೋಲುವುದು ಮುಕ್ಕಾಲು ಪಾಲು ಲೆಕ್ಕ ಸಿಗದೆಯೇ.

ಮತ್ತೊಬ್ಬರು

ನಾನು ನೌಕರನೇ ಅಲ್ಲ ಅಂತಾರೆ ಮೇಡಂ. "ಸ್ವತಂತ್ರ ಏಜೆಂಟ್" ಅಂತ ಬರೆಸಿಕೊಂಡಿದ್ದಾರೆ. ಬೆಳಗ್ಗೆ ಒಂಬತ್ತಕ್ಕೆ ಹಾಜರಿ, ಸಂಜೆ ರಿಪೋರ್ಟು, ರಜೆ ಕೇಳಿದರೆ ಬೈಗುಳ.

ಉತ್ತರ

ಹಾಜರಿ, ರಿಪೋರ್ಟು, ರಜೆಗೆ ಬೈಗುಳ. ಇಷ್ಟೆಲ್ಲ ಇಟ್ಟುಕೊಂಡು ಸ್ವತಂತ್ರ ಅಂದರೆ ಯಾವ ಸ್ವಾತಂತ್ರ್ಯ ಅದು! ಕೋರ್ಟುಗಳು ಕಾಗದದ ಮೇಲಿನ ಹೆಸರನ್ನಷ್ಟೇ ನೋಡುವುದಿಲ್ಲ, ಕೆಲಸವನ್ನು ಹಿಡಿತದಲ್ಲಿ ಇಟ್ಟಿರುವವರು ಯಾರು ಅಂತ ನೋಡುತ್ತವೆ. ಭಾರತದ ಸುಪ್ರೀಂ ಕೋರ್ಟ್ 2001ರಲ್ಲಿ ಬ್ಯಾಂಕಿನ ಪಿಗ್ಮಿ ಸಂಗ್ರಹಕಾರರ ಕೇಸಿನಲ್ಲಿ ಇದನ್ನೇ ಹೇಳಿತು. ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಠೇವಣಿ ಎತ್ತುವ ಅವರಿಗೆ ಸಿಗುತ್ತಿದ್ದದ್ದು ಕಮಿಷನ್. ಏಜೆಂಟರಷ್ಟೇ ಅಂತ ಬ್ಯಾಂಕುಗಳು ವಾದಿಸಿದವು. ಅವರು ಕಾರ್ಮಿಕರೇ, ಆ ಕಮಿಷನ್ನೂ ದುಡಿಮೆಗೆ ತಕ್ಕಂತೆ ಸಿಗುವ ವೇತನವೇ ಅಂತ ಕೋರ್ಟ್ ಹೇಳಿತು. ನಿಮ್ಮ ಹಾಜರಿ ಮೆಸೇಜುಗಳನ್ನು ಅಳಿಸಬೇಡಿ. ಆ ಬೈಗುಳದ್ದನ್ನಂತೂ ಅಳಿಸಲೇಬೇಡಿ.

ಅದೇ ಸದಸ್ಯರು

ಮೇಡಂ, ಮೇಲ್ ಹಾಕಿದೆವು. ಎರಡು ದಿನಕ್ಕೆ ಎಚ್‌ಆರ್ ನನ್ನೊಬ್ಬನನ್ನೇ ಕರೆದರು. ಅರ್ಧ ಬಾಕಿ ಇವತ್ತೇ ಹಾಕುತ್ತೇವೆ, "ಎಲ್ಲ ಲೆಕ್ಕ ಚುಕ್ತಾ ಆಯಿತು" ಅಂತ ಸಹಿ ಹಾಕಿ ಅಂದರು. ಮನೆಯಲ್ಲಿ ಕಷ್ಟ ಇದೆ, ಸುಳ್ಳು ಹೇಳಲ್ಲ. ಹಾಕಲಾ?

ಉತ್ತರ

ಒಬ್ಬರನ್ನೇ ಯಾಕೆ ಕರೆದರು ಅಂತ ಗೊತ್ತಾಯಿತಲ್ವಾ? ಏಳು ಜನರ ಮೇಲ್ ನಾಟಿದೆ.

ಕೊಟ್ಟ ದುಡ್ಡು ತೆಗೆದುಕೊಳ್ಳಿ, ಬೇಡ ಅನ್ನಬೇಡಿ. ಆದರೆ ಚುಕ್ತಾ ಅನ್ನುವ ಕಾಗದಕ್ಕೆ ಸಹಿ ಬೇಡ. ಸಹಿ ಇಲ್ಲದೆ ಕೊಡಲ್ಲ ಅಂದರೆ ಕಾಗದ ಮನೆಗೆ ತಂದು ಓದುತ್ತೇನೆ ಅಂತ ಹೇಳಿ, ಫೋಟೋ ತೆಗೆದುಕೊಳ್ಳಿ. ಹಣ ಖಾತೆಗೆ ಬಂದರೆ ಅವತ್ತೇ ಒಂದು ಸಾಲು ಬರೆಯಿರಿ: "ಇಷ್ಟು ಬಂದಿದೆ, ಇದನ್ನು ಭಾಗಶಃ ಪಾವತಿ ಎಂದು ಜಮಾ ಮಾಡಿಕೊಂಡಿದ್ದೇನೆ." ತೀರಾ ಕಷ್ಟದಲ್ಲಿದ್ದು ಅರ್ಧಕ್ಕೇ ಮುಗಿಸಿಕೊಳ್ಳುತ್ತೇನೆ ಅಂದರೂ ನಾನು ತಪ್ಪು ಅನ್ನಲಾರೆ, ಕೋರ್ಟಿಗೆ ಓಡಾಡುವ ಸುಸ್ತು ಏನು ಅಂತ ನನಗೆ ಗೊತ್ತು. ಆದರೆ ಅರ್ಧ ಅಂದರೆ ಯಾವುದರ ಅರ್ಧ? ಲೆಕ್ಕ ಮುಗಿಯದೆ ಅದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಗಡುವು ಮಾತ್ರ ಮರೆಯಬೇಡಿ. "ನೋಡೋಣ ನೋಡೋಣ" ಅನ್ನುವ ಕಂಪನಿ ಕೆಲವು ಸಲ ಗಡುವು ದಾಟಲಿ ಅಂತಲೇ ಕಾಯುತ್ತದೆ. ಬ್ರಿಟನ್ನಿನಲ್ಲಿ ಟ್ರಿಬ್ಯೂನಲ್‌ಗೆ ಹೋಗಲು ಇರುವುದು ತಿಂಗಳ ಲೆಕ್ಕದ ಸಮಯ. ಅಮೆರಿಕದ ಕೇಂದ್ರ ವೇತನ ಕಾಯಿದೆಯಲ್ಲಿ ಎರಡು ವರ್ಷ, ಬೇಕಂತಲೇ ಮಾಡಿದ್ದರೆ ಮೂರು. ಭಾರತದ ಸಂಹಿತೆಯಲ್ಲಿ ಮೂರು ವರ್ಷ, ಮತ್ತೆ ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳ ಒಳಗೆ ವೇತನ ಕೊಡಬೇಕು. ನಿಮ್ಮ ದೇಶದ ಗಡುವು ಮೊದಲು ತಿಳಿದುಕೊಂಡು ಗೋಡೆ ಮೇಲೆ ಬರೆದಿಡಿ.

ಆ ಬಿಟ್ಟುಹೋದ ಇಬ್ಬರನ್ನೂ ಸೇರಿಸಿಕೊಳ್ಳಿ. ಅವರಿಗೆ ಕೆಲಸ ಹೋಗುವ ಭಯ ಇಲ್ಲ, ಬಾಯಿ ಬಿಡುತ್ತಾರೆ. ಅವರು ಕುದುರಿಸಿ, ಬಿಟ್ಟ ಮೇಲೆ ಬಿಲ್ ಆದ ಮಾರಾಟಗಳೂ ಇರಬಹುದು. ಬಿಟ್ಟವರಿಗೆ ಇಲ್ಲ ಅಂತ ಕರಾರಿನಲ್ಲಿ ಬರೆಯದಿದ್ದರೆ, ಮಾರಾಟ ಆಗಲು ಮುಖ್ಯ ಕಾರಣ ಆದವರಿಗೇ ಕಮಿಷನ್ ಅನ್ನುವ ವಾದವನ್ನು ಅಮೆರಿಕದ ಕೋರ್ಟುಗಳು ಎಷ್ಟೋ ಸಲ ಒಪ್ಪಿವೆ. ಅವುಗಳನ್ನೂ ಬರೆದುಕೊಳ್ಳಿ.

ಮತ್ತೊಬ್ಬರು

ಇಷ್ಟೆಲ್ಲ ಯಾಕೆ, ಕಂಪನಿ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಮಾನ ಹರಾಜು ಹಾಕಿ, ಓಡಿ ಬರುತ್ತಾರೆ.

ಉತ್ತರ

ಓಡಿ ಬರುವುದು ಅವರ ವಕೀಲರು, ಮಾನನಷ್ಟದ ನೋಟಿಸ್ ಹಿಡಿದುಕೊಂಡು. ಬೇಡ.

ಅದೇ ಸದಸ್ಯರು

ಸಹಿ ಹಾಕಲಿಲ್ಲ ಮೇಡಂ. ಮೂರು ರಾತ್ರಿ ಕೂತು ಲೆಕ್ಕ ಮಾಡಿದೆವು, ಆ ಇಬ್ಬರೂ ಬಂದರು. ಒಟ್ಟು 212 ಬಿಲ್. ಅದರಲ್ಲಿ 31ಕ್ಕೆ ನಮ್ಮ ಹತ್ತಿರ ಸರಿಯಾದ ಸಾಕ್ಷಿ ಇಲ್ಲ. ಇನ್ನೊಂದು, ಹೇಳಲು ನಾಚಿಕೆ, ಎರಡು ಬಿಲ್ ನಾನೇ ಎರಡೆರಡು ಸಲ ಬರೆದುಕೊಂಡಿದ್ದೆ. ಅವನ್ನು ತೆಗೆದ ಮೇಲೇ 212.

ಉತ್ತರ

ನಾಚಿಕೆ ಯಾಕೆ? ಅವರ ಅಕೌಂಟೆಂಟ್ ಕೈಗೆ ಸಿಗುವ ಮೊದಲು ನಿಮಗೇ ಸಿಕ್ಕಿತು. ಅದೊಂದು ಸಿಕ್ಕಿದ್ದರೆ ಇಡೀ ಪಟ್ಟಿಯೇ ಸುಳ್ಳು ಅಂತಿದ್ದರು.

31ನ್ನು ಬೇರೆ ಹಾಳೆಗೆ ಹಾಕಿ, ಅವಕ್ಕೆ ಕಂಪನಿಯಿಂದಲೇ ದಾಖಲೆ ಕೇಳೋಣ. ಉಳಿದ 181ಕ್ಕೆ ಒಂಬತ್ತೂ ಜನರ ಸಹಿ ಇರುವ ಒಂದು ಪತ್ರ, ಪಟ್ಟಿ ಜೊತೆಗೆ, ಹದಿನೈದು ದಿನದ ಗಡುವು ಕೊಟ್ಟು. ಕಳಿಸುವ ಮೊದಲು ಕರಡು ನನಗೆ ಇನ್‌ಬಾಕ್ಸ್ ಮಾಡಿ. ಗಿರಾಕಿಗಳ ಹೆಸರು ಮುಚ್ಚಿ ಕಳಿಸಿ, ಬಿಲ್ ನಂಬರು ಸಾಕು.